ಸಣ್ಣ ಭಾಷೆಗೆ ಬೇರೆ ಪಂಕ್ತಿಯೇ?

ತೌಲನಿಕ ಸಾಹಿತ್ಯದ ಪಠ್ಯದಲ್ಲಿ ತುಳು, ಕೊಂಕಣಿಯಂಥ ಭಾಷೆಗಳಿಗೆ ಪ್ರತ್ಯೇಕ ಪತ್ರಿಕೆ (ಪೇಪರ್) ಬೇಕೆ? ಮುಂಬೈಯ ಇಬ್ಬರು ಕನ್ನಡ ಅಧ್ಯಾಪಕರ ವಾದ.

ಪರ: ಮೊದಲು ಜಾಗ ಕೊಡಿ

ಕಾಂದಿವಲಿಯ ನಮ್ಮ ಚಾಳಿನಲ್ಲಿ ಅಜ್ಜಿ ಅಕ್ಕಿ ಆರಿಸುತ್ತ ಸಿರಿ ಎಂಬ ಹೆಣ್ಣಿನ ಕಥೆ ಹೇಳುವ ಪಾಡ್ದನ, ಅಂದರೆ ತುಳುವಿನ ಕಥನಹಾಡು, ಗುನುಗುತ್ತಿದ್ದರು. ಮುಂದೆ ಎಂ.ಎ. ಓದುವಾಗ ಮಹಾಕಾವ್ಯದ ಪಾಠದಲ್ಲಿ ಗ್ರೀಕ್ ಕವಿ ಹೋಮರನ ಇಲಿಯಡ್ ಬಂತು, ಸಿರಿ ಬರಲಿಲ್ಲ. ಹೋಮರನದು ಕಾವ್ಯ, ಅಜ್ಜಿಯದು ಬರೀ ಹಾಡು ಅಂತ ನಾನೂ ನಂಬಿಬಿಟ್ಟಿದ್ದೆ.

ಆ ನಂಬಿಕೆ ಮುರಿಯಲು ಫಿನ್ಲೆಂಡಿನವರೇ ಬರಬೇಕಾಯಿತು. ಅಲ್ಲಿನ ವಿದ್ವಾಂಸ ಲೌರಿ ಹಾಂಕೊ ನಮ್ಮ ಜಾನಪದ ವಿದ್ವಾಂಸರಾದ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆಗೂಡಿ ತುಳು ಹಾಡುಗಾರ ಗೋಪಾಲ ನಾಯ್ಕರು ಹಾಡಿದ ಸಿರಿಯನ್ನು ದಾಖಲಿಸಿದರು. 1998ರಲ್ಲಿ ಅದು ಹೆಲ್ಸಿಂಕಿಯಲ್ಲಿ ಅಚ್ಚಾಯಿತು. 15,683 ಸಾಲು, ಹೆಚ್ಚುಕಡಿಮೆ ಇಲಿಯಡ್‌ನಷ್ಟೇ ಉದ್ದ. ಉದ್ದದ ಮಾತು ಹಾಗಿರಲಿ. ಇಲಿಯಡ್‌ನಲ್ಲಿ ಹೆಲೆನ್ ಎಂಬ ರಾಣಿಗಾಗಿ ಗಂಡಸರು ಟ್ರಾಯ್ ನಗರದಲ್ಲಿ ಕಾದಾಡುತ್ತಾರೆ. ಆಸ್ತಿ ತಾಯಿಯ ಕಡೆಯಿಂದ ಹರಿಯುವ ಅಳಿಯಸಂತಾನದ ನಾಡಿನ ಸಿರಿ ತನ್ನ ಹಕ್ಕಿಗೆ ತಾನೇ ವಾದಿಸುತ್ತಾಳೆ, ಗಂಡ ಕಾಂತು ಪೂಂಜನನ್ನು ತಾನೇ ಬಿಟ್ಟು ಹೊರಡುತ್ತಾಳೆ. ಇವಳನ್ನು ಓದಿ ಹೋಮರನಿಗೆ ಮರಳಿದರೆ ಟ್ರಾಯ್ ಕೋಟೆಯೊಳಗಿನ ಹೆಂಗಸರ ಮೌನ ಕಿವಿಗೆ ಬಡಿಯುತ್ತದೆ.

2011ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ತುಳುವನ್ನು ಮಾತೃಭಾಷೆಯೆಂದು ಬರೆಸಿದ್ದಾರೆ. ಮಾನ್ಯ ಭಾಷೆಗಳ ಪಟ್ಟಿಯಾದ ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿ ಮಾತ್ರ ತುಳು ಇಲ್ಲ. ಕೊಂಕಣಿಯನ್ನು ಸಾಹಿತ್ಯ ಅಕಾಡೆಮಿ ಒಪ್ಪಿದ್ದು 1975ರಲ್ಲಿ, ಸಂವಿಧಾನ ಒಪ್ಪಿದ್ದು 1992ರಲ್ಲಿ. ಕೊಂಕಣಿ ಲೇಖಕ ರವೀಂದ್ರ ಕೇಳೇಕರರಿಗೆ ಜ್ಞಾನಪೀಠ ಸಂದದ್ದು ಆ ನಂತರ, 2006ನೇ ಸಾಲಿಗೆ. ಬಾಗಿಲು ತಾನಾಗಿ ತೆರೆಯುವುದಿಲ್ಲ. ಪಠ್ಯದಲ್ಲಿ ಪ್ರತ್ಯೇಕ ಪತ್ರಿಕೆ ಇದ್ದರೆ ಅಧ್ಯಾಪಕರು ಬೇಕಾಗುತ್ತಾರೆ, ಅಧ್ಯಾಪಕರು ಬಂದರೆ ಪುಸ್ತಕ ಬರುತ್ತವೆ.

ವಿರೋಧ: ಪಕ್ಕದಲ್ಲೇ ಕೂರಿಸಿ

ನನ್ನ ಮನೆಮಾತು ಕೊಂಕಣಿ. ಮಾನ್ಯತೆಗಾಗಿ ನಮ್ಮವರು ಪಟ್ಟ ಪಾಡು ನನಗೆ ಗೊತ್ತು. ಆ ಹೋರಾಟದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಪಠ್ಯದಲ್ಲಿ ಬೇರೆ ಪಂಕ್ತಿ ಹಾಕಿದರೆ ಆಗುವುದೇ ಬೇರೆ. ಅದು ಐಚ್ಛಿಕ ಪತ್ರಿಕೆಯಾಗುತ್ತದೆ, ನಾಲ್ಕು ಮಕ್ಕಳು ಆರಿಸಿಕೊಳ್ಳುತ್ತಾರೆ, ಉಳಿದವರು ಮೊದಲಿನಂತೆ ಹೋಮರನನ್ನಷ್ಟೇ ಓದಿ ಹೋಗುತ್ತಾರೆ.

ಅಷ್ಟಕ್ಕೂ 'ಸಣ್ಣದು' ಯಾವುದು? 2011ರ ಗಣತಿಯಂತೆ 4.37 ಕೋಟಿ ಜನರ ಕನ್ನಡ ಬೆಂಗಳೂರಿನಲ್ಲಿ ದೊಡ್ಡದು. ಮುಂಬೈಯ ಮಾಟುಂಗಾದಲ್ಲಿ ರೈಲಿಳಿದರೆ ಸಣ್ಣದು. ಅದೇ ಮಾಟುಂಗಾದಲ್ಲಿ ತುಳುವರ ಎದುರು ಮತ್ತೆ ದೊಡ್ಡದು. ಕಥೆಗಾರ ಕಾಫ್ಕಾ ಕುರಿತು 1975ರಲ್ಲಿ ಬರೆದ ಫ್ರೆಂಚ್ ಚಿಂತಕರಾದ ಡೆಲ್ಯೂಜ್ ಮತ್ತು ಗತ್ತಾರಿ ಈ ಗಂಟನ್ನು ಬೇರೆ ರೀತಿ ಬಿಚ್ಚಿದರು: ಅಲ್ಪಸಾಹಿತ್ಯವೆಂದರೆ ಸಣ್ಣ ಭಾಷೆಯ ಸಾಹಿತ್ಯವಲ್ಲ, ದೊಡ್ಡ ಭಾಷೆಯೊಳಗೆ ಅಲ್ಪಸಂಖ್ಯಾತರು ಕಟ್ಟುವ ಸಾಹಿತ್ಯ. ಕಾಫ್ಕಾ ಚೆಕ್ ಮಾತಿನ ಪ್ರಾಗ್‌ನಲ್ಲಿ ಕೂತು ಜರ್ಮನ್‌ನಲ್ಲಿ ಬರೆದ ಯಹೂದಿ. ನಮ್ಮ ಜಯಂತ ಕಾಯ್ಕಿಣಿಯವರನ್ನು ನೋಡಿ. ಗೋಕರ್ಣದ ಕೊಂಕಣಿ ಮನೆಯವರು, ಮರಾಠಿ-ಹಿಂದಿಯ ಮುಂಬೈಯಲ್ಲಿ ದುಡಿದರು, ಆ ಊರಿನ ಕಥೆಗಳನ್ನು ಕನ್ನಡದಲ್ಲಿ ಬರೆದರು. ಇವರನ್ನು ಯಾವ ಪತ್ರಿಕೆಗೆ ಸೇರಿಸುತ್ತೀರಿ? ಕೊಂಕಣಿಯದೇ ತೆಗೆದುಕೊಳ್ಳಿ: ದೇವನಾಗರಿ, ರೋಮನ್, ಕನ್ನಡ, ಮಲಯಾಳಂ, ಪರ್ಸೋ-ಅರೇಬಿಕ್ ಎಂದು ಐದು ಲಿಪಿಗಳಲ್ಲಿ ಹರಡಿದೆ. ಮಂಗಳೂರಿನ ಕೊಂಕಣಿ ಪುಸ್ತಕವನ್ನು ಪಣಜಿಯವರು ಓದಲಾರರು, ನಾನು ಓದಬಲ್ಲೆ, ಕನ್ನಡ ಲಿಪಿ ಬರುತ್ತದೆ ಎಂಬ ಒಂದೇ ಕಾರಣಕ್ಕೆ. ಭಾಷೆಗಳು ಹೀಗೆ ಒಂದರ ಮನೆಯಲ್ಲಿ ಇನ್ನೊಂದು ಬಾಡಿಗೆಗಿರುವಾಗ ಗೋಡೆ ಎಬ್ಬಿಸಿ ಓದಿಸುವುದು ಹೇಗೆ?

ತಲೆ ಎಣಿಸಿ ಕರುಣೆ ತೋರುವುದೂ ಬೇಡ. ಐಸ್‌ಲ್ಯಾಂಡಿಕ್ ಭಾಷೆಯ ಕಾದಂಬರಿಕಾರ ಲ್ಯಾಕ್ಸ್‌ನೆಸ್‌ಗೆ 1955ರಲ್ಲಿ ನೊಬೆಲ್ ಬಂದಾಗ ಐಸ್‌ಲ್ಯಾಂಡಿನಲ್ಲಿ ಎರಡು ಲಕ್ಷ ಜನವೂ ಇರಲಿಲ್ಲ. ಅದು ಸಣ್ಣ ಭಾಷೆಗಳ ವಿಭಾಗದ ಬಹುಮಾನವಾಗಿರಲಿಲ್ಲ.

ನನ್ನ ಗೆಳತಿಯ ಅಜ್ಜಿಯ ಸಿರಿ ಇಲಿಯಡ್‌ನ ಪಾಠ ನಡೆಯುವ ಅದೇ ತಾಸಿನಲ್ಲಿ, ಅದೇ ಕಡ್ಡಾಯ ಪತ್ರಿಕೆಯಲ್ಲಿ ಬರಲಿ. ತರಗತಿಯಲ್ಲಿ ತುಳು ಬಲ್ಲ ಹುಡುಗಿಯೊಬ್ಬಳು ಇದ್ದೇ ಇರುತ್ತಾಳೆ. ನಾಲ್ಕು ಸಾಲು ಅವಳೇ ಹಾಡಲಿ, ಅರ್ಥವನ್ನೂ ಅವಳೇ ಹೇಳಲಿ. ಆ ದಿನ ನಾನು ಹಿಂದಿನ ಬೆಂಚಿನಲ್ಲಿ ಕೂತು ಬರೆದುಕೊಳ್ಳುತ್ತೇನೆ.