‘ವಜ್ರದ ಗ್ರಹ’ವನ್ನು ಇನ್ನಾದರೂ ಬಿಡೋಣ

‘41 ಜ್ಯೋತಿರ್ವರ್ಷ ದೂರದಲ್ಲಿ ವಜ್ರದ ಗ್ರಹ!’ ಎಂಬ ಸಂದೇಶ ಮತ್ತೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಜೊತೆಗೊಂದು ಹೊಳೆಯುವ ಹರಳಿನ ಚಿತ್ರ, ಕೋಟಿಗಳ ಲೆಕ್ಕ. ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಗ್ರಹದ ನಿಜವಾದ ಕಥೆ ವಜ್ರಕ್ಕಿಂತ ಎಷ್ಟೋ ರೋಚಕ.

ಗ್ರಹದ ಹೆಸರು 55 ಕ್ಯಾಂಕ್ರಿ ಇ. ನಮ್ಮ ಪಂಚಾಂಗದ ಪುಷ್ಯ ನಕ್ಷತ್ರವಿರುವ ಕರ್ಕಾಟಕ ರಾಶಿಯ ಕಡೆ, ಸೂರ್ಯನಂಥದೇ ಒಂದು ತಾರೆಯನ್ನು ಅದು ಸುತ್ತುತ್ತಿದೆ. ಆ ತಾರೆಗೆ ಒಂದು ಕೆಂಪು ಕುಬ್ಜ, ಅಂದರೆ ಚಿಕ್ಕ, ಮಂಕು ತಾರೆಯ ಜೋಡಿಯಿದೆ. ಜೋಡಿ ಎಂದ ಕೂಡಲೇ ಎರಡೆರಡು ಸೂರ್ಯೋದಯಗಳ ಚಿತ್ರ ಬರೆದುಬಿಡುತ್ತಾರೆ. ಆದರೆ ಇವೆರಡರ ನಡುವಿನ ಅಂತರ ಭೂಮಿಗೂ ಸೂರ್ಯನಿಗೂ ಇರುವ ದೂರದ ಸುಮಾರು ಸಾವಿರ ಪಟ್ಟು. ಗ್ರಹದ ಆಕಾಶದಲ್ಲಿ ಆ ಜೊತೆಗಾತಿ ಒಂದು ಕೆಂಪು ಚುಕ್ಕಿ ಅಷ್ಟೇ.

ಗ್ರಹವನ್ನು ಬೇಯಿಸುತ್ತಿರುವುದು ದೊಡ್ಡ ತಾರೆ. ಬುಧನಿಗೂ ಸೂರ್ಯನಿಗೂ ಇರುವ ದೂರದ 25ನೇ ಒಂದು ಪಾಲಿನಷ್ಟು ಹತ್ತಿರದಲ್ಲಿ ಈ ಗ್ರಹ ಸುತ್ತುತ್ತದೆ. ಅಲ್ಲಿ ಒಂದು ವರ್ಷವೆಂದರೆ 18 ಗಂಟೆಗೂ ಕಡಿಮೆ. ತೂಕ ಭೂಮಿಯ ಸುಮಾರು ಎಂಟರಷ್ಟು, ಅಗಲ ಎರಡರಷ್ಟು. ಅದರ ಮೈಮೇಲಿನ ಬಂಡೆ ಕರಗಿ ಶಿಲಾರಸದ ಕಡಲಾಗಿರಬೇಕು.

ವಜ್ರದ ಮಾತು ಹುಟ್ಟಿದ್ದು 2012ರಲ್ಲಿ. ತಾರೆಯಲ್ಲಿ ಆಮ್ಲಜನಕಕ್ಕಿಂತ ಇಂಗಾಲವೇ ಹೆಚ್ಚು ಎಂಬ ಅಂದಿನ ಅಳತೆಯನ್ನು ನೆಚ್ಚಿ, ಖಗೋಳವಿಜ್ಞಾನಿ ನಿಕ್ಕು ಮಧುಸೂದನ್ ಮತ್ತು ಸಂಗಡಿಗರು ಗ್ರಹದ ಒಡಲಲ್ಲಿ ಇಂಗಾಲದ್ದೇ ರೂಪವಾದ ವಜ್ರ ಇರಬಹುದೆಂಬ ಸಾಧ್ಯತೆಯನ್ನು ಮುಂದಿಟ್ಟರು. ಮರುವರ್ಷವೇ ಬೇರೊಂದು ತಂಡ ಮತ್ತೆ ಅಳೆದಾಗ ಆಮ್ಲಜನಕವೇ ಹೆಚ್ಚೆಂದು ಕಂಡಿತು. ‘ಇರಬಹುದು’ ಎಂದವರು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದರು. ಅದನ್ನು ‘ಇದೆ’ ಎಂದು ತಿದ್ದಿ, ಇಷ್ಟು ವರ್ಷ ಹಾಗೆಯೇ ಹಂಚುತ್ತಿರುವವರ ಮೇಲೆ ನನ್ನ ಸಿಟ್ಟು.

ಇಷ್ಟರಲ್ಲಿ ಅಸಲು ಸುದ್ದಿ ಬಂದು ಹೋಯಿತು. ಗ್ರಹ ತಾರೆಯ ಹಿಂದೆ ಮರೆಯಾದಾಗ ಒಟ್ಟು ಬೆಳಕು ಎಷ್ಟು ಇಳಿಯುತ್ತದೆಂದು ಅಳೆದರೆ, ಆ ಇಳಿಕೆಯೇ ಗ್ರಹದ ಪಾಲು. ಜೇಮ್ಸ್ ವೆಬ್ ದೂರದರ್ಶಕ ಹೀಗೆ ಅಳೆದಾಗ, ಗ್ರಹದ ಹಗಲಿನ ಬದಿ ಸುಮಾರು 1,540 ಡಿಗ್ರಿ ಸೆಲ್ಸಿಯಸ್ ಇತ್ತು. ಬರಿಯ ಕರಗಿದ ಬಂಡೆಯಾಗಿದ್ದರೆ 2,200ರ ಆಸುಪಾಸು ಇರಬೇಕಿತ್ತು. ಮಿಕ್ಕ ಶಾಖವನ್ನು ಇರುಳಿನ ಬದಿಗೆ ಸಾಗಿಸಲು ಗಾಳಿಯ ಹೊದಿಕೆ ಬೇಕು. ಕಾರ್ಬನ್ ಮಾನಾಕ್ಸೈಡ್ ಅಥವಾ ಕಾರ್ಬನ್ ಡೈಆಕ್ಸೈಡ್ ತುಂಬಿದ ವಾಯುಮಂಡಲ ಇರುವಂತಿದೆ ಎಂದು 2024ರಲ್ಲಿ ಪ್ರಕಟವಾಯಿತು. ಅಂಥ ಕುಲುಮೆಯಲ್ಲಿ ಹುಟ್ಟಿನ ಗಾಳಿ ಉಳಿಯುವುದಿಲ್ಲ; ಶಿಲಾರಸದೊಳಗಿಂದ ಹೊಸದು ಉಕ್ಕುತ್ತಿರಬೇಕು. ಕಲ್ಲಿನ ಕಡಲು ತನ್ನ ಆಕಾಶವನ್ನು ತಾನೇ ಉಸಿರಾಡಿ ಹೊರಹಾಕುತ್ತಿದೆ! ಇದರ ಮುಂದೆ ವಜ್ರ ಯಾವ ಲೆಕ್ಕ?

ನಾವಿರುವುದು ಬೆಂಗಳೂರಿನಲ್ಲಿ. ಕೋರಮಂಗಲದಲ್ಲಿ ಖಗೋಳ ಭೌತವಿಜ್ಞಾನ ಸಂಸ್ಥೆಯಿದೆ. ಲಡಾಖಿನ ಹಾನ್ಲೆಯ ದೂರದರ್ಶಕವನ್ನು ಪಕ್ಕದ ಹೊಸಕೋಟೆಯಿಂದ ನಡೆಸುತ್ತಾರೆ. ನೆಹರೂ ತಾರಾಲಯದಲ್ಲಿ ಕನ್ನಡದಲ್ಲೇ ಪ್ರದರ್ಶನಗಳಿವೆ. ಇಷ್ಟಿದ್ದೂ ನಮ್ಮ ಬಡಾವಣೆಯ ಹುಡುಗ ಕೇಳಿದ್ದು, “ಆಂಟಿ, ಅಲ್ಲಿಂದ ವಜ್ರ ತರಬಹುದೇ?” ಎಂದು. ಅವನಿಗೆ ಮೊಬೈಲಿನಲ್ಲಿ ಸಿಕ್ಕಿದ್ದು ಅಷ್ಟೇ.

ಮೇಷ್ಟ್ರುಗಳೇ, ಪತ್ರಕರ್ತ ಗೆಳೆಯರೇ, ಈ ಗ್ರಹದ ಶಾಖ ಒಂದು ಅಳತೆಯಿಂದ ಇನ್ನೊಂದಕ್ಕೆ ಬದಲಾಗುತ್ತಿದೆ. ಮೋಡಗಳೋ, ಜ್ವಾಲಾಮುಖಿಗಳೋ, ಇನ್ನೂ ತೀರ್ಮಾನವಾಗಿಲ್ಲ. ಮಕ್ಕಳಿಗೆ ಕನ್ನಡದಲ್ಲಿ ಈ ಪ್ರಶ್ನೆಯನ್ನು ಕೊಡಿ.