ಮಾವ ಬರೆದದ್ದು ಸಿಕ್ಕಿತು, ಜಗಳ ಸಿಗಲಿಲ್ಲ

ಕಾಸರಗೋಡಿನ ಬದಿಯಡ್ಕದ ನನ್ನ ಸೋದರಮಾವ ಕನ್ನಡ ಮಾಷ್ಟ್ರು. ರಿಟೈರ್ ಆದ ಮೇಲೆ ದಿನಾ ಬೆಳಿಗ್ಗೆ ಫೇಸ್‌ಬುಕ್‌ನಲ್ಲಿ ಒಂದೊಂದು ಊರಿನ ಹೆಸರು ಹಿಡಿದು ಬರೆಯುತ್ತಿದ್ದರು. ಕುಂಬಳೆ ಮಲಯಾಳದ ಬಸ್ ಬೋರ್ಡಿನಲ್ಲಿ ಕುಂಬಳ ಆಗುವುದು, ಮಂಜೇಶ್ವರಕ್ಕೆ ಒಂದು ‘ಅಂ’ ಅಂಟಿಕೊಳ್ಳುವುದು, ಇಂಥದ್ದೇ. ಕೆಳಗೆ ಜಗಳ ಶುರು. ಪೆರ್ಲದವರೊಬ್ಬರು ತುಳುವಿನಲ್ಲಿ, ಮುಂಬೈಗೆ ಹೋಗಿ ನೆಲೆಸಿದವರೊಬ್ಬರು ಹವ್ಯಕ ಕನ್ನಡದಲ್ಲಿ, ನಡುವೆ ಯಾರೋ ಮಲಯಾಳದಲ್ಲಿ ತಮಾಷೆ. ನಿಜ ಹೇಳಬೇಕೆಂದರೆ ಮಾವನ ಬರಹಕ್ಕಿಂತ ಆ ಜಗಳವೇ ರುಚಿ.

ಮಾವ ತೀರಿಕೊಂಡ ಮೇಲೆ ಮನೆಯವರು ಖಾತೆ ಮುಚ್ಚಿಸಿದರು. ಅದಕ್ಕೂ ಮೊದಲು ಇಳಿಸಿಟ್ಟ ಕಾಪಿಯನ್ನು ಭಾವ ಮೊನ್ನೆ ಪೆನ್‌ಡ್ರೈವಿನಲ್ಲಿ ತಂದ. ತೆರೆದರೆ ಮಾವ ಬರೆದದ್ದೆಲ್ಲ ಇದೆ, ಉಳಿದವರ ಮಾತು ಒಂದೂ ಇಲ್ಲ. ‘ಇದೆಂತ ಮಾರಾಯ, ಅಪ್ಪ ಒಬ್ಬರೇ ಕೂತು ಬೈದ ಹಾಗೆ ಉಂಟಲ್ಲ’ ಅಂದ. ಫೇಸ್‌ಬುಕ್‌ನಿಂದ ಇಳಿಸಿದರೆ ನಮ್ಮ ಮಾತು ಮಾತ್ರ ಬರುವುದು. ಬೇರೆಯವರದ್ದು ಬೇರೆಯವರಿಗೆ, ಅದೂ ಸರಿಯೇ ಅಲ್ವಾ.

ಹಾಗಾದರೆ ಇಂಥ ಮಾತುಕತೆಯನ್ನೆಲ್ಲ ಕೂಡಿಡುವವರು ಯಾರು? ಅಮೆರಿಕದ ದೊಡ್ಡ ಸರಕಾರಿ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್ 2010ರಲ್ಲಿ ಟ್ವಿಟರ್ ಜೊತೆ ಒಪ್ಪಂದ ಮಾಡಿಕೊಂಡು, 2006ರಿಂದ ಬಂದ ಸಾರ್ವಜನಿಕ ಟ್ವೀಟ್‌ಗಳನ್ನೆಲ್ಲ ಕೂಡಿಡಲು ಹೊರಟಿತು. 2013ರ ಹೊತ್ತಿಗೆ ಸುಮಾರು 17 ಸಾವಿರ ಕೋಟಿ! ಮೊದಲ ನಾಲ್ಕು ವರ್ಷದ ರಾಶಿಯಲ್ಲಿ ಒಂದು ಸಲ ಹುಡುಕಲಿಕ್ಕೇ 24 ಗಂಟೆ. ಓದುಗರಿಗೆ ಬಾಗಿಲು ತೆರೆಯಲಿಲ್ಲ. ಕೊನೆಗೆ 2018ರಿಂದ ಚುನಾವಣೆಯಂಥ ವಿಷಯ ನೋಡಿ, ಆರಿಸಿ ಇಡುತ್ತೇವೆ ಎಂದರು.

ನಮ್ಮಲ್ಲಿ 1954ರ ಕಾನೂನಿನಂತೆ ಪುಸ್ತಕ ಅಚ್ಚಾದರೆ ಒಂದು ಪ್ರತಿ ಕೋಲ್ಕತ್ತದ ನ್ಯಾಷನಲ್ ಲೈಬ್ರರಿಗೆ ಹೋಗಬೇಕು. 1956ರಲ್ಲಿ ಪತ್ರಿಕೆಗಳನ್ನೂ ಸೇರಿಸಿದರು. (ಅದೇ ವರ್ಷ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ್ದು, ಅದು ಬೇರೆ ಕತೆ.) ಮಾವನ ಫೇಸ್‌ಬುಕ್ ಗೋಡೆ ಪುಸ್ತಕವೂ ಅಲ್ಲ, ಪತ್ರಿಕೆಯೂ ಅಲ್ಲ. ನಾಳೆ ಅದನ್ನೂ ಸೇರಿಸಿದರು ಅಂತಿಟ್ಟುಕೊಳ್ಳಿ, ಆರಿಸುವವರು ಯಾರು? ಅರ್ಧ ತುಳು ಅರ್ಧ ಕನ್ನಡದಲ್ಲಿ ಬಸ್ ಬೋರ್ಡಿನ ಬಗ್ಗೆ ನಡೆದ ಜಗಳ ಕೋಲ್ಕತ್ತದಲ್ಲಿ ಕೂತವರಿಗೆ ಕಸದ ಹಾಗೆ ಕಂಡರೆ ಅವರ ತಪ್ಪೂ ಅಲ್ಲ.

ನನಗೆ ಹಿಡಿಸಿದ್ದು ನ್ಯೂಜಿಲೆಂಡಿನವರ ದಾರಿ. ಅಲ್ಲಿನ ನ್ಯಾಷನಲ್ ಲೈಬ್ರರಿ 2019ರಲ್ಲಿ ಜನರನ್ನೇ ಕೇಳಿತು, ನಿಮ್ಮ ಫೇಸ್‌ಬುಕ್ ಖಾತೆಯ ಕಾಪಿ ನಮಗೆ ಕೊಡ್ತೀರಾ ಅಂತ. ಕದ್ದು ತೆಗೆಯುವುದಿಲ್ಲ, ಕೇಳಿ ತೆಗೆದುಕೊಳ್ಳುವುದು. ನಮ್ಮ ಕಡೆ ಊರೂರಲ್ಲಿ ವಾಚನಾಲಯ ಇದೆ, ಅಲ್ಲೇ ಶುರು ಮಾಡಬಹುದು. ಊರಿನ ಜಗಳ ಊರಿನವರಿಗೇ ಅರ್ಥ ಆಗುವುದು.

ಈಗ ನನ್ನದೊಂದು ಕೋರಿಕೆ. ಮಾವನ ಜೊತೆ ಜಗಳ ಮಾಡಿದವರ ಮಾತು ಅವರವರ ಖಾತೆಯಲ್ಲಿ ಇನ್ನೂ ಉಳಿದಿರಬಹುದು. ನೀವೂ ಅವರಲ್ಲಿ ಒಬ್ಬರಾದರೆ ನಿಮ್ಮ ಕಾಮೆಂಟ್‌ಗಳಷ್ಟನ್ನು ಇಳಿಸಿ ಕಳಿಸಿ. ಇಳಿಸುವಾಗ ಫೈಲಿನ ಬಗೆ ಎಚ್‌ಟಿಎಂಎಲ್ ಅಂತ ಆರಿಸಿ, ಸುಮ್ನೆ ಬ್ರೌಸರಿನಲ್ಲೇ ಓದಬಹುದು. ತಾರೀಕು ನೋಡಿ ನಾನು ಜೋಡಿಸುತ್ತೇನೆ. ಬೈಗುಳ ಇದ್ದರೆ ಇರಲಿ, ತೆಗೆಯಬೇಡಿ.