ಕಾಲಿಗೆ ಸಂಬಳ ಹತ್ತಿದ್ದು

ಈ ಬರಹವನ್ನು ನಾನಾಗಿ ಬರೆಯುತ್ತಿಲ್ಲ. ಬರೆಸುತ್ತಿದ್ದಾರೆ. ಎದುರಿಗೆ ದೊಡ್ಡತ್ತೆ ಕೂತಿದ್ದಾರೆ, ಮಡಿಲ ತುಂಬ ಹಲಸಿನ ಬೀಜ. ಒಂದು ಬೀಜದ ಸಿಪ್ಪೆ ಸುಲಿಯುವುದು, ಒಮ್ಮೆ ನನ್ನ ಮುಖ ನೋಡುವುದು, "ಬರೆದ್ಯಾ?" ಅಂತ ಕೇಳುವುದು. ಬೆಳಗಿನ ತಿಂಡಿ ಆದಾಗಿನಿಂದ ಇದೇ ನಡೆದಿದೆ. ಹೊರಗೆ ಪುನರ್ವಸು ಮಳೆ. ಎದ್ದು ಓಡೋಣ ಅಂದರೂ ದಾರಿಯಿಲ್ಲ.

ಆಗಿದ್ದಿಷ್ಟು. ಹೋದ ತಿಂಗಳು ಒಂದು ಪತ್ರಿಕೆಯಲ್ಲಿ ನನ್ನದೊಂದು ಲೇಖನ ಬಂತು. ಮಲೆನಾಡಿನ ಮಳೆಗಾಲದ ಬಗ್ಗೆ. (ಇನ್ಯಾವುದರ ಬಗ್ಗೆ ಬಂದೀತು? ನಮ್ಮ ಕಡೆಯವರು ಏನೇ ಬರೆಯಲು ಕೂತರೂ ಎರಡನೇ ಸಾಲಿಗೆ ಮಳೆ ಶುರುವಾಗಿಬಿಡುತ್ತದೆ.) ಅದರಲ್ಲಿ ಎರಡು ತಪ್ಪುಗಳಿದ್ದವು. ಒಂದನ್ನು ಊರೆಲ್ಲ ಓದಿ ನಕ್ಕಿತು. ಇನ್ನೊಂದನ್ನು ದೊಡ್ಡತ್ತೆ ಒಬ್ಬರೇ ಹಿಡಿದರು. ಅವರು ನಗಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಜಿಲ್ಲೆಯಲ್ಲಿ ಸುಮ್ನೆ ಸಣ್ಣಪುಟ್ಟದ್ದು ಬರೆದುಕೊಂಡಿರುವುದು ಬಹಳ ಕಷ್ಟ. ಕುವೆಂಪು ಬೆಳೆದ ಕುಪ್ಪಳಿ, ಅನಂತಮೂರ್ತಿ ಹುಟ್ಟಿದ ಮೇಳಿಗೆ ಎರಡೂ ತೀರ್ಥಹಳ್ಳಿ ತಾಲ್ಲೂಕಿನಲ್ಲೇ ಇವೆ. ಒಬ್ಬರಿಗೆ 1967ರ ಜ್ಞಾನಪೀಠ, ಇನ್ನೊಬ್ಬರಿಗೆ 1994ರದ್ದು. ಹಾಗಾಗಿ ಮದುವೆಮನೆಯಲ್ಲಿ ಸಿಕ್ಕ ನೆಂಟರು "ನಿಂದು ಯಾವಾಗ?" ಅಂತ ಕೇಳುತ್ತಾರೆ, ಹೊಸದಾಗಿ ಮದುವೆಯಾದವರನ್ನು 'ಏನಾದರೂ ವಿಶೇಷ ಉಂಟಾ' ಅಂತ ಕೇಳುವ ದನಿಯಲ್ಲೇ. ನಾನು ಬಹಳ ವರ್ಷ ಎಂ. ಕೆ. ಇಂದಿರಾ ಅವರ ಹೆಸರು ಹೇಳಿ ತಪ್ಪಿಸಿಕೊಂಡೆ. ಅವರೂ ತೀರ್ಥಹಳ್ಳಿಯವರೇ. ಹುಟ್ಟಿದ್ದು 1917ರಲ್ಲಿ, ಮೊದಲ ಕಾದಂಬರಿ ಬಂದಿದ್ದು 1963ರಲ್ಲಿ. ಅಂದರೆ 45 ದಾಟುವವರೆಗೆ ನನ್ನನ್ನು ಯಾರೂ ಏನೂ ಕೇಳುವ ಹಾಗಿಲ್ಲ, ಅಲ್ವಾ? ಈಗ ನನಗೆ 48. ಆ ಸಬೂಬಿನ ವಾಯಿದೆ ಮುಗಿದು ಎರಡು ಮಳೆಗಾಲ ಆಯಿತು.

ಬರೆಯಲು ನನಗೊಂದು ನೋಟ್‌ಬುಕ್ ಇತ್ತು. 'ನನಗೆ' ಅನ್ನುವುದು ನನ್ನ ತಪ್ಪು ತಿಳುವಳಿಕೆ. ಕಥೆಯೊಂದು ಅರ್ಧಕ್ಕೆ ನಿಂತಿತ್ತು. 'ಅವಳು ಕಿಟಕಿಯಾಚೆ ನೋಡುತ್ತಾ ಬಹಳ ಹೊತ್ತು ನಿಂತಳು' ಅನ್ನುವ ಸಾಲಿಗೆ ಬಂದು ಮುಂದೇನು ಅಂತ ಹೊಳೆಯದೆ ಹಾಲು ಉಕ್ಕಿತು ಅಂತ ಎದ್ದು ಹೋಗಿದ್ದೆ. ಎರಡು ದಿನ ಬಿಟ್ಟು ತೆಗೆದರೆ ಅದರ ಕೆಳಗೆ ನನ್ನ ಯಜಮಾನರ ಅಕ್ಷರದಲ್ಲಿ 'ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್, ಆಳು 3' ಅಂತ ಇತ್ತು. ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ಔಷಧಿಯ ಲೆಕ್ಕ. ಯಾಕ್ರೀ ಹೀಗೆ ಮಾಡಿದಿರಿ ಅಂದರೆ, "ನಿನ್ನ ಕಥೆಗಿಂತ ಇದು ಅಡಿಕೆಗಾದರೂ ಉಪಯೋಗ" ಅಂದರು. ನಿಜ ಹೇಳಬೇಕೆಂದರೆ ಆ ಪುಟದಲ್ಲಿ ಒಂದಿಷ್ಟು ವೇಗ ಇದ್ದಿದ್ದು ಅವರ ಸಾಲಿನಲ್ಲೇ. ಆ ನೋಟ್‌ಬುಕ್ ಆಮೇಲೆ ಕೊಯ್ಲಿನ ಸಮಯದಲ್ಲಿ, ಅಡಿಕೆಗೆ ಬಣ್ಣ ಕಟ್ಟುವ ಚೊಗರಿನ ಪಾತ್ರೆಗೆ ಬಿತ್ತು. ಅಡಿಕೆಗೆ ಬಣ್ಣ ಚೆನ್ನಾಗಿ ಹತ್ತಿತು ಅಂತ ಆ ವರ್ಷ ಎಲ್ಲರೂ ಹೇಳಿದರು.

ಆಮೇಲೆ ಮಗಳು ಮೊಬೈಲಿನಲ್ಲಿ ಮಾತಾಡಿದರೆ ಅದೇ ಬರೆದುಕೊಳ್ಳುವ ವ್ಯವಸ್ಥೆ ತೋರಿಸಿಕೊಟ್ಟಳು. ದೋಸೆ ಹೊಯ್ಯುತ್ತಾ ಸಾಹಿತ್ಯ! ಎಷ್ಟು ಖುಷಿಯಾಯಿತು ಅಂದರೆ, ಆರಿದ್ರಾ ಮಳೆ ಹಿಡಿದ ದಿನವೇ ಒಲೆ ಪಕ್ಕ ಮೊಬೈಲ್ ನಿಲ್ಲಿಸಿಕೊಂಡು ಲೇಖನ ಶುರು ಮಾಡಿದೆ. ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ ಅಂತ ಗಾದೆಯೇ ಇದೆ. ಹೆಂಚಿನ ಮೇಲೆ ಆ ಸದ್ದು, ಇತ್ತ ಮಾವ ಕೆಮ್ಮುವ ಸದ್ದು, ನಡುವೆ ನನ್ನ ಸಾಹಿತ್ಯ. ಆ ಮೊಬೈಲ್ ಪಾಪ ಎಲ್ಲವನ್ನೂ ಬರೆದುಕೊಂಡಿತು. 'ಮಂಜು ಮುಸುಕಿದ ಬೆಟ್ಟದ ಸಾಲುಗಳು ಮಜ್ಜಿಗೆಗೆ ಉಪ್ಪು ಹಾಕಿದ್ಯಾ' ಅಂತ ಒಂದು ವಾಕ್ಯ ಬಂದಿತ್ತು. ಅದನ್ನು ಕಂಡು ಅಳಿಸಿದೆ. ಕಾಣದೆ ಉಳಿದಿದ್ದು ಬೇರೆ.

ಅಳಿಸಲು ಸಮಯವಾದರೂ ಎಲ್ಲಿತ್ತು? ಲೈನಿನ ಮೇಲೆ ಮತ್ತಿ ಮರದ ಕೊಂಬೆ ಬಿದ್ದು ಮೂರು ದಿನದಿಂದ ಕರೆಂಟ್ ಇರಲಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ, ಶರಾವತಿಯ ಕರೆಂಟು ಅಂದಿನಿಂದ ಎಲ್ಲೆಲ್ಲಿಗೋ ಹೋಗಿ ಬೆಳಗುತ್ತಿದೆ, ಪಕ್ಕದಲ್ಲೇ ಕೂತ ನಾವು ಚಿಮಣಿ ಬುಡ್ಡಿ ಒರೆಸುತ್ತೇವೆ. ಇರಲಿ. ಮೊಬೈಲಿನಲ್ಲಿ ಉಳಿದಿದ್ದು ಶೇಕಡಾ 6. ಸಂಜೆ ಸ್ವಲ್ಪ ಹೊಳವಾದ ಕೂಡಲೇ ಕೊಪ್ಪೆ ಹಾಕಿಕೊಂಡು ಮನೆ ಹಿಂದಿನ ಗುಡ್ಡದ ಬಂಡೆಗೆ ಹೋದೆ. ಕುಪ್ಪಳಿಯಲ್ಲಿ ಕವಿಶೈಲ ಇದ್ದ ಹಾಗೆ ನಮ್ಮ ಮನೆಗೆ ಆ ಬಂಡೆ. ನೆಟ್‌ವರ್ಕ್ ಸಿಗುವುದು ಅದೊಂದರ ಮೇಲೆಯೇ, ಅದೂ ಬಲಗಾಲು ಸ್ವಲ್ಪ ಎತ್ತಿ ನಿಂತರೆ. ಕಳಿಸುವ ಮೊದಲು ಒಮ್ಮೆ ಓದೋಣ ಅಂತ ಕಣ್ಣು ಹಾಯಿಸಿದೆ. ಅಷ್ಟರಲ್ಲಿ ಪಾದದ ಹತ್ತಿರ ಏನೋ ತಣ್ಣಗೆ ಅನಿಸಿತು. ನೋಡಿದರೆ ಉಂಬಳ, ರಕ್ತ ಹೀರುವ ಕಾಡುಜಿಗಣೆ. ತೀರ್ಥಹಳ್ಳಿ ಕಡೆ ಇಂಬಳ ಅಂತಾರೆ, ಹೆಸರು ಬೇರೆಯಾದರೂ ಹಸಿವು ಒಂದೇ. ಕಚ್ಚಿದ್ದು ಗೊತ್ತಾಗುವುದಿಲ್ಲ, ಬಿಟ್ಟ ಮೇಲೆ ರಕ್ತ ನಿಲ್ಲುವುದಿಲ್ಲ. ನಾನು ಬಟನ್ ಒತ್ತಿ, ಚೀರಿ, ಇಳಿದು ಓಡಿದೆ. ಈ ಮೂರರಲ್ಲಿ ಯಾವುದು ಮೊದಲು ಅಂತ ನೆನಪಿಲ್ಲ.

ಲೇಖನ ಅಚ್ಚಾಗಿ ಬಂತು. ಉಂಬಳದ ಬಗ್ಗೆ ನಾನು ಬಹಳ ಪ್ರೀತಿಯಿಂದ ಹೇಳಿದ್ದ ಪ್ಯಾರಾ ಹೀಗಿತ್ತು: 'ಮಳೆಗಾಲದಲ್ಲಿ ನಮ್ಮ ಕಡೆ ಸಂಬಳ ಜಾಸ್ತಿ. ತೋಟಕ್ಕೆ ಹೋದರೆ ಸಾಕು, ಗೊತ್ತಿಲ್ಲದ ಹಾಗೆ ಕಾಲಿಗೆ ಹತ್ತಿಕೊಳ್ಳುತ್ತದೆ. ಪೇಟೆಯಿಂದ ಬಂದವರು ಸಂಬಳ ಕಂಡರೆ ಕಿರುಚುತ್ತಾರೆ. ನಾವು ಹೆದರುವುದಿಲ್ಲ, ಒಂದು ಚಿಟಿಕೆ ಉಪ್ಪು ಹಾಕಿದರೆ ಉದುರಿ ಬೀಳುತ್ತದೆ.'

ಸಂಪಾದಕರು ಇದನ್ನು ಹಾಸ್ಯ ಅಂದುಕೊಂಡು ಹಾಗೇ ಬಿಟ್ಟರೋ, ಮಲೆನಾಡಿನ ಆರ್ಥಿಕ ಸ್ಥಿತಿ ಅಂದುಕೊಂಡರೋ, ಕೇಳಲು ನನಗೆ ಧೈರ್ಯ ಬರಲಿಲ್ಲ. ಬೆಂಗಳೂರಲ್ಲಿ ಕೆಲಸ ಮಾಡುವ ಪಕ್ಕದ ಮನೆ ಹುಡುಗ ಫೋನ್ ಮಾಡಿ, "ಅಕ್ಕಾ, ನಮಗೆ ಉಪ್ಪು ಹಾಕದಿದ್ದರೂ ಹತ್ತನೇ ತಾರೀಕಿಗೆ ಉದುರಿಹೋಗುತ್ತೆ" ಅಂದ. ತೋಟದ ಕೆಲಸಕ್ಕೆ ಬರುವವರು ಯಜಮಾನರ ಹತ್ತಿರ, "ಅಮ್ಮ ಬರೆದಿದಾರಂತಲ್ಲ, ಸಂಬಳ ಜಾಸ್ತಿ ಅಂತ" ಎಂದು ಕೇಳಿದರು. ಯಜಮಾನರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅಂದ ಹಾಗೆ ಆ ಲೇಖನದ ಗೌರವಧನ ಇನ್ನೂ ಬಂದಿಲ್ಲ. ದಾರಿಯಲ್ಲಿ ಯಾರೋ ಉಪ್ಪು ಹಾಕಿರಬೇಕು.

ಇನ್ನು ಎರಡನೇ ತಪ್ಪು. ಲೇಖನದ ಕೊನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ವಿಷಯ ಇತ್ತು. ದೊಡ್ಡತ್ತೆ ಭರಣಿಯನ್ನು ಮಂಚದ ಅಡಿ ಬಚ್ಚಿಟ್ಟುಕೊಂಡು ಮಲಗುತ್ತಾರೆ, ಅವರ ಗೊರಕೆಗೆ ಹೆದರಿ ಇಲಿಯೂ ಆ ಕಡೆ ಸುಳಿಯುವುದಿಲ್ಲ, ಆದರೂ ಈ ಸಲ ಬೂಸ್ಟು ಬಂತು ಅಂತ ಬರೆದಿದ್ದೆ. ಹೆಸರು ಹಾಕಿರಲಿಲ್ಲ, 'ಒಬ್ಬ ಅತ್ತೆ' ಅಂದಿದ್ದೆ ಅಷ್ಟೇ. ಕೂಡಲೇ ಚಿಕ್ಕತ್ತೆ ಮುನಿಸಿಕೊಂಡರು. ಅವರ ಮನೆಯಲ್ಲಿ ಮಂಚವೇ ಇಲ್ಲ, ಉಪ್ಪಿನಕಾಯಿಯನ್ನು ಅಂಗಡಿಯಿಂದ ತರುತ್ತಾರೆ. ಆದರೂ ಅದು ತಮ್ಮ ಬಗ್ಗೆಯೇ ಅಂತ ಅವರಿಗೆ ಖಾತ್ರಿ. ದೊಡ್ಡತ್ತೆ ಬಂದಾಗ ನಾನು ಗೊರಕೆಗೆ ಬೈಸಿಕೊಳ್ಳಲು ತಯಾರಾಗಿ ನಿಂತಿದ್ದೆ. ಅವರು ಪತ್ರಿಕೆ ಬಿಡಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು. 'ಮಿಡಿಯನ್ನು ತೊಳೆದು ಭರಣಿಗೆ ತುಂಬಿದರು.'

"ತೊಳೆದು ಸೀದಾ ತುಂಬ್ತಾರಾ ಯಾರಾದ್ರೂ? ಒರೆಸಿದ್ದು ಎಲ್ಲಿ?"

ಆದ್ದರಿಂದ ಓದುಗರ ಗಮನಕ್ಕೆ: ದೊಡ್ಡತ್ತೆ ಮಿಡಿ ತೊಳೆದ ಮೇಲೆ ಒಂದೊಂದನ್ನೇ ಹತ್ತಿ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿಯೇ ಭರಣಿಗೆ ಹಾಕುತ್ತಾರೆ. ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ತೊಟ್ಟು ಮುರಿದಿದ್ದು, ನೆಲಕ್ಕೆ ಬಿದ್ದಿದ್ದು ಸೇರಿಸುವುದಿಲ್ಲ. ಮಿಡಿ ಚಿರುಟಿದ ಮೇಲೆ ಅದು ಬಿಟ್ಟ ಉಪ್ಪುನೀರನ್ನೇ ಕುದಿಸಿ, ಆರಿಸಿ, ಅದರಲ್ಲೇ ಸಾಸಿವೆ ಮೆಣಸು ರುಬ್ಬುತ್ತಾರೆ. ಹಸಿ ನೀರು ಒಂದು ಹನಿಯೂ ಸೋಕುವುದಿಲ್ಲ. ಬೂಸ್ಟು ಬಂದಿದ್ದು ಮಾವ ರಾತ್ರಿ ಕದ್ದು ಒದ್ದೆ ಸೌಟು ಹಾಕಿದ್ದರಿಂದ.

"ಓದು ನೋಡೋಣ" ಅಂದರು. ಮೊದಲಿನಿಂದ ಓದಿದೆ. ಸಂಬಳದ ಹತ್ತಿರ ನಗಲಿಲ್ಲ, ಮಾವನ ಸೌಟಿನ ಹತ್ತಿರ ನಕ್ಕರು.

"ಗೊರಕೆ ಮತ್ತೆ ಬರೆದೆ ಅಲ್ವಾ?"

"ತೆಗೀಲಾ?"

"ಇರ್ಲಿ, ಹೊಡಿಯೋದು ಹೌದಲ್ಲ. ಆದ್ರೆ ಭರಣಿ ಒಂದಲ್ಲ, ಮಂಚದ ಅಡಿ ಇರೋದು ಮೂರು." ಬೀಜದ ಸಿಪ್ಪೆ ಕೊಡವಿ ಎದ್ದವರು ಬಾಗಿಲ ಹತ್ತಿರ ನಿಂತರು. "ಅದನ್ನ ಮಾತ್ರ ಬರೀಬೇಡ ಮಾರಾಯ್ತಿ. ನೆಂಟರೆಲ್ಲ ಬಂದುಬಿಡ್ತಾರೆ."

ಇಲ್ಲ, ಬರೆಯುವುದಿಲ್ಲ ಅಂದೆ.